ಮೂರು ಕಂಪನಿಯ ಕರೆಂಟು

ಊರಿಗೆ ಮೂರು ಕರೆಂಟು ಕಂಪನಿಗಳು ಬಂದು, ಯಾವುದು ಬೇಕೋ ಆರಿಸಿಕೊಳ್ಳಿ ಎಂದಾಗ ದ್ಯಾವಮ್ಮ ಹಿರಿಹಿರಿ ಹಿಗ್ಗಿದ್ದಳು. ಈಗ ಬೆಳಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬಂದಿರಲಿಲ್ಲ. ನಾಳೆ ಮರಿಯಾಗಬೇಕಿದ್ದ ಕೋಳಿಮೊಟ್ಟೆಗಳು ಕಾವುಪೆಟ್ಟಿಗೆಯಲ್ಲಿ ತಣ್ಣಗಾಗುತ್ತಿದ್ದವು. ಪೆಟ್ಟಿಗೆಗೆ ಕಂಬಳಿ ಹೊದಿಸಿ, ತಾನು ಆರಿಸಿಕೊಂಡಿದ್ದ ಕಂಪನಿಗೆ ಮತ್ತೆ ಫೋನು ಮಾಡಿದಳು.

“ಪರಿಶೀಲಿಸ್ತೀವಿ ಮೇಡಂ,” ಎಂದಳು ಅಲ್ಲಿನ ಹುಡುಗಿ.

“ಬೆಳಗ್ಗಿಂದ ಇದನ್ನೇ ಹೇಳ್ತಿದ್ದೀಯಲ್ಲ ತಾಯಿ! ಮೊಟ್ಟೆಯೊಳಗೆ ಚಿಂವ್ ಅಂತಿದ್ದವು, ಈಗ ಅದೂ ನಿಂತೋಯ್ತು. ನಿಮ್ಮ ಸಾವಾಸವೇ ಬೇಡ, ಬೇರೆ ಕಂಪನಿಗೆ ಹೋಗ್ತೀನಿ!”

“ಅದು ನಿಮ್ಮ ಹಕ್ಕು ಮೇಡಂ.”

ದ್ಯಾವಮ್ಮ ಫೋನು ಕುಕ್ಕಿ, ಎರಡನೇ ಕಂಪನಿಯ ನಂಬರು ಒತ್ತಿದಳು. ಆ ಕಡೆ ಎತ್ತಿದ್ದೇ ತಡ, “ನಿಮ್ಮ ಕಂಪನಿಗೆ ಸೇರಿಸ್ಕೊಳ್ರವ್ವ, ಈಗಲೇ ಕರೆಂಟು ಕೊಡಿ,” ಎಂದು ಗೋಗರೆದಳು.

ಫೋನಿನಲ್ಲಿ ಅದೇ ಹುಡುಗಿಯ ದನಿ ಪಿಸುಗುಟ್ಟಿತು:

“ಅಕ್ಕಾ, ಮೂರನೇ ಕಂಪನಿಗೆ ಮಾಡ್ಬೇಡಿ. ಅದನ್ನೂ ನಾನೇ ಎತ್ತೋದು.”