ಉಮ್ಮನ ಹೆಸರಲ್ಲಿ

ಉಮ್ರಾ ಯಾತ್ರೆ ಮುಗಿಸಿ ಮಕ್ಕಾದಿಂದ ಬಂದ ಮಗನ ತಲೆ ನುಣ್ಣಗೆ ಬೋಳಾಗಿತ್ತು. ಉಮ್ಮ ಆ ತಲೆಯನ್ನು ಸವರಿ ನಕ್ಕರು. ಅವನು ತಂದುಕೊಟ್ಟ ಪವಿತ್ರ ಝಂಝಂ ನೀರನ್ನು ಬಿಸ್ಮಿ ಹೇಳಿ ಒಂದೊಂದೇ ಗುಟುಕು ಕುಡಿದರು.

"ಬರುವ ವರ್ಷ ನಾನೂ ಹೋಗ್ತೇನೆ. ಕಾಲು ಗಟ್ಟಿ ಉಂಟು. ಹೊಟ್ಟೆನೋವು ಬರೀ ಗ್ಯಾಸಿನದ್ದು ಅಂತ ಡಾಕ್ಟರು ನಿನ್ನತ್ರ ಹೇಳಿದ್ದಾರಲ್ಲ."

ಮಗ ತಲೆಯೆತ್ತದೆ ಸೂಟ್‌ಕೇಸಿನಿಂದ ಖರ್ಜೂರದ ಪೊಟ್ಟಣಗಳನ್ನು ತೆಗೆಯುತ್ತಿದ್ದ.

"ಅಷ್ಟು ದೂರ ಹೋಗಿ ನೀವ್ಯಾಕೆ ಕಷ್ಟಪಡ್ಬೇಕು ಉಮ್ಮಾ? ನನ್ನದು ಮುಗಿದ ಮೇಲೆ ನಿಮ್ಮ ಹೆಸರಲ್ಲೂ ಒಂದು ಉಮ್ರಾ ಮಾಡಿದ್ದೇನೆ."

"ನನ್ನ ಹೆಸರಲ್ಲಾ?"

"ಹೌದು. ನಮ್ಮ ಮಸೀದಿಯ ಉಸ್ತಾದರಿಗೆ ಎಲ್ಲ ಹೇಳಿ, ಕೇಳಿಯೇ ಮಾಡಿದ್ದು. ಆಗ್ತದೆ ಅಂದ್ರು."

ಉಮ್ಮ ಲೋಟ ಕೆಳಗಿಟ್ಟರು.

"ನಿನ್ನ ಮಾಮಿಯ ಹೆಸರಲ್ಲಿ ಹೀಗೆ ಮಾಡಿಸ್ಬಹುದಾ ಅಂತ ಅದೇ ಉಸ್ತಾದರನ್ನು ನಾನು ಕೇಳಿದ್ದೆ. ಆಗುದಿಲ್ಲ ಅಂದ್ರು. ನಡೆದಾಡುವವರು ತಾವೇ ಹೋಗ್ಬೇಕಂತೆ. ಬೇರೆಯವರು ಮಾಡುವುದು ತೀರಿಹೋದವರಿಗೆ, ಇಲ್ಲಾ ಇನ್ನು ಗುಣವಾಗದ ಕಾಯಿಲೆಯವರಿಗೆ ಮಾತ್ರವಂತೆ."

ಮಗನ ಕೈ ಸೂಟ್‌ಕೇಸಿನೊಳಗೇ ನಿಂತಿತು.

"ಅದು... ಈಗ ಎಲ್ಲರೂ ಮಾಡ್ತಾರೆ ಉಮ್ಮಾ. ಖರ್ಜೂರ ತಿನ್ನಿ, ಒಳ್ಳೆಯದುಂಟು."

ಉಮ್ಮ ಖರ್ಜೂರ ಮುಟ್ಟಲಿಲ್ಲ. ಅವನ ಬೋಳುತಲೆಯ ಮೇಲೆ ಮತ್ತೆ ಕೈಯಿಟ್ಟರು.

"ಮೋನೇ, ಆವತ್ತು ಆಸ್ಪತ್ರೆಯಲ್ಲಿ ನನ್ನನ್ನು ಹೊರಗೆ ಕೂರಿಸಿ ಡಾಕ್ಟರು ನಿನ್ನತ್ರ ಏನಂದ್ರು?"