ಹಗಲು ದೀಪ

ಡಬ್ಬಿಯ ನಾಲ್ಕು ತಿರುಪುಗಳನ್ನೂ ಇಂದಿರಾಬಾಯಿಯೇ ಬಿಚ್ಚಿದಳು. ಮೆಕ್ಯಾನಿಕ್ ಎರ್ರಿಯಪ್ಪನನ್ನು ಮುಟ್ಟಗೊಡಲಿಲ್ಲ.

“ನೋಡಮ್ಮಾ, ತಪ್ಪಿದ್ರ ತಪ್ಪೈತಿ ಅಂತ ಬರದುಕೊಡು,” ಬಸ್ಸಿನ ಮಾಲೀಕ ತೋಟಪ್ಪ ಕುರ್ಚಿಯಿಂದೇಳದೆ ಹೇಳಿದ. “ಇವ ಹೆಬ್ಬೆಟ್ಟು ಒತ್ತತಾನ. ಇವತ್ತ ಹೊಸಪೇಟಿ ಬಿಡ್ತಾನ.”

ಹದಿನಾಲ್ಕು ದಿನಗಳ ಹಿಂದೆ, ಸಂಡೂರಿನ ದಾರಿಯ ಕಣಿವೆಯಲ್ಲಿ, ಅವಳ ಗಂಡ ಪ್ರಭಂಜನ ಓಡಿಸುತ್ತಿದ್ದ ಬಸ್ಸು ಉರುಳಿತ್ತು. ಸತ್ತವನು ಅವನೊಬ್ಬನೇ. ದೀಪ ಉರಿಯುತ್ತಿರಲಿಲ್ಲ ಎಂದು ನೋಡಿದವರೆಲ್ಲ ಹೇಳಿದರು. ಎರ್ರಿಯಪ್ಪನ ಹೊಸ ಡಬ್ಬಿ ಸುಟ್ಟುಹೋಗಿ ದೀಪ ಆರಿತು ಎಂದು ಊರು ತೀರ್ಮಾನಿಸಿತು. ಸತ್ತವನ ಹೆಂಡತಿ ಮದರಾಸಿನಲ್ಲಿ ಭೌತಶಾಸ್ತ್ರ ಓದಿ ಬಿ.ಎ. ಮಾಡಿದವಳು, ಡಬ್ಬಿ ನೋಡಿ ಅವಳು ಹೇಳುವ ಮಾತಿಗೆ ಎದುರಿಲ್ಲ.

ಬಸ್ಸಿನ ಡೈನಮೊಗೆ ಹದ ಗೊತ್ತಿರಲಿಲ್ಲ. ಎಂಜಿನ್ ಜೋರಾದಷ್ಟೂ ವಿದ್ಯುತ್ತು ಉಕ್ಕುತ್ತಿತ್ತು, ಬ್ಯಾಟರಿ ಕುದಿಯುತ್ತಿತ್ತು. ಹೆಚ್ಚಾದದ್ದು ಖರ್ಚಾಗಲೆಂದು ಡ್ರೈವರುಗಳು ಹಗಲಲ್ಲೂ ದೀಪ ಹಚ್ಚಿಕೊಂಡು ಓಡಿಸುತ್ತಿದ್ದರು. ಡಬ್ಬಿ ಬಂದದ್ದು ವಿದ್ಯುತ್ತು ಹಾಗೆ ಉಕ್ಕದಂತೆ ತಡೆಯಲು. ಒಳಗೆ ಒಂದು ತಂತಿಯ ಸುರುಳಿ, ಒಂದು ಸ್ಪ್ರಿಂಗು, ಬಡಿದುಕೊಳ್ಳುವ ಒಂದು ತಗಡಿನ ನಾಲಗೆ. ಇಷ್ಟೆ.

ಮುಚ್ಚಳದ ಮೇಲೆ ಅಂಟಿಸಿದ್ದ ಚೀಟಿಯತ್ತ ಅವಳು ನೋಡಲಿಲ್ಲ. ಮುಚ್ಚಳವನ್ನು ಬೋರಲು ಹಾಕಿದಳು.

“ಡಬ್ಬಿ ನಂದ ಅಂತಾರ ಎಲ್ಲಾರು,” ಎರ್ರಿಯಪ್ಪ ಮೆಲ್ಲಗೆ ಅಂದ. “ನಾನೂ ಅಲ್ಲ ಅಂದಿಲ್ರಿ, ಅಮ್ಮಾರ.”

“ಗೊತ್ತು.”

ಒಂದೇ ಒಂದು ಸಡಿಲ ಬೆಸುಗೆ ಸಿಕ್ಕಿದ್ದರೆ ಅವಳಿಗೆ ಸಾಕಾಗಿತ್ತು. ಮೂರು ಸಲ ಹುಡುಕಿದಳು. ಕಣಿವೆಯ ತಗ್ಗಿನಿಂದ ಎತ್ತಿ ತಂದ ಡಬ್ಬಿಗೆ ಒಂದು ಗೀರೂ ಬಿದ್ದಿರಲಿಲ್ಲ. ಶೆಡ್ಡಿನಲ್ಲಿದ್ದ ಇನ್ನೊಂದು ಬಸ್ಸಿಗೆ ಅದನ್ನು ಜೋಡಿಸಿದಳು. ಎಂಜಿನ್ ಗುನುಗಿತು, ಗರ್ಜಿಸಿತು. ಮೀಟರಿನ ಮುಳ್ಳು ಏಳು ವೋಲ್ಟಿನ ಮೇಲೆ ನಿಂತಿದ್ದು ಕದಲಲಿಲ್ಲ; ವಿದ್ಯುತ್ತು ಉಕ್ಕಲಿಲ್ಲ.

“ಹಂಗಾದ್ರ ದೀಪ ಯಾಕ ಆರಿದ್ವು?” ತೋಟಪ್ಪ ಎದ್ದು ನಿಂತ.

“ಆರಿಲ್ರಿ ಸಾವ್ಕಾರ್ರ. ಹಚ್ಚೇ ಇರ್ಲಿಲ್ಲ.”

ಬಾಗಿಲಲ್ಲಿ ಚನ್ನಯ್ಯ ನಿಂತಿದ್ದ. ಅದಿರಿನ ಬಂಡಿ ಹೊಡೆಯುವವನು. ಬಸ್ಸಿಗೆ ಎದುರಾದದ್ದು ಅವನ ಬಂಡಿಯೇ; ಮುರಿದ ಕೈ ಇನ್ನೂ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು.

“ಮಟಮಟ ಮಧ್ಯಾಹ್ನರಿ. ಹತ್ತು ಬಂಡಿ ಸಾಲಾಗಿ ಹೊಂಟಿದ್ವಿ. ಆ ಕೆಂಪು ಧೂಳಾಗ ನನ್ನ ಎತ್ತಿನ ಕೊಂಬೇ ನನಗ ಕಾಣವಲ್ದು. ಪ್ರಭಂಜನ ರಾಯರ ಬಸ್ಸು ದಿನಾ ದೀಪ ಹಚ್ಕಂಡು ಬರ್ತಿತ್ತು. ‘ಹಗಲೊತ್ತು ದೀಪ ಹಚ್ಚೋ ಹುಚ್ಚ ಬಂದನಲೇ’ ಅಂತ ನಗತಿದ್ವಿ, ನಕ್ಕೊಂತ ಬಂಡಿ ಬದಿಗೆ ಹಾಕ್ತಿದ್ವಿ. ಆವತ್ತು ದೀಪ ಇಲ್ಲ. ಧೂಳಾಗಿಂದ ಒಮ್ಮಿಗೇ ಬಂತು. ನನ್ನ ಉಳಸಾಕ ಹೋಗಿ ರಾಯರು…”

 

ಇಂದಿರಾಬಾಯಿ ಕಾಗದ ತೆಗೆದುಕೊಂಡು ಎರಡು ಸಾಲು ಬರೆದಳು. ಡಬ್ಬಿ ಸರಿಯಾಗಿದೆ. ಎರ್ರಿಯಪ್ಪನ ತಪ್ಪಿಲ್ಲ. ಎರ್ರಿಯಪ್ಪ ಹೆಬ್ಬೆಟ್ಟು ಒತ್ತಿದ. ಕೆಲಸವೂ ಊರೂ ಅವನಿಗೆ ಉಳಿದವು. ಆದರೂ ತಲೆಯೆತ್ತಿ ಅವಳನ್ನು ನೋಡಲು ಅವನಿಂದ ಆಗಲಿಲ್ಲ.

ತೋಟಪ್ಪ ಹೋದ. ಚನ್ನಯ್ಯ ಹೋದ. ಅವಳು ಮುಚ್ಚಳವನ್ನು ಮಗುಚಿದಳು.

ಚೀಟಿಯ ಮೇಲೆ, ಡಬ್ಬಿಯ ನಕ್ಷೆ ಬಿಡಿಸಿದ ಅವಳದೇ ಕೈ ದುಂಡು ಅಕ್ಷರಗಳಲ್ಲಿ ಗಂಡನಿಗೆ ಬರೆದಿತ್ತು: ‘ಇನ್ನು ಹಗಲು ದೀಪ ಬೇಡ.’