ನಾಲ್ಕನೇ ಡಬ್ಬಿ

ಏಳನೇ ಡಬ್ಬಿಯ ಲೈನು ಸತ್ತಾಗ ದೇವಿಕಾ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತೇ ನಿಮಿಷದಲ್ಲಿ ಆರನೆಯದೂ ಸತ್ತಿತು. ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು.

ರೋಣದ ಬಸ್ ಸ್ಟ್ಯಾಂಡಿನ ಹಿಂದೆ, ಸಣ್ಣ ಇಂಟರ್ನೆಟ್ ಕಂಪನಿಯೊಂದರ ಆಫೀಸು ಅದು. ಮಟಮಟ ಮಧ್ಯಾಹ್ನ, ಹೊರಗೆ ರಣಬಿಸಿಲು. ಹೊಳೆಆಲೂರಿನ ಕಡೆಯ ಹೊಲದ ಮನೆಗಳಿಗೆ ಇನ್ನೂ ಹಳೇ ತಾಮ್ರದ ಕೇಬಲ್ಲಿನಲ್ಲೇ ಬ್ರಾಡ್‌ಬ್ಯಾಂಡ್ ಹೋಗುತ್ತಿತ್ತು. ಬದುವಿನ ಗುಂಟ ಏಳು ಡಬ್ಬಿ, ಒಂದೊಂದರಿಂದ ಒಂದೊಂದು ಮನೆಗೆ ತಂತಿ. ಏಳನೆಯದು ದೂರದ ಬೆಣ್ಣಿಹಳ್ಳದ ತಗ್ಗಿನಲ್ಲಿ, ಒಂದನೆಯದು ರಸ್ತೆಯ ಪಕ್ಕ.

ಆ ಮನೆಗಳ ಮೋಡೆಮ್ಮಿನ ಅಂಕಿಗಳೆಲ್ಲ ದೇವಿಕಾಳ ಪರದೆಯ ಮೇಲೆ ಕಾಣುತ್ತಿದ್ದವು. ತಂತಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ. ಎಷ್ಟು ದುಡ್ಡು ಕಟ್ಟಿದರೂ ವೇಗ ಆ ಮಿತಿ ದಾಟುವುದಿಲ್ಲ. ಸಾಲದ್ದಕ್ಕೆ ತಂತಿಯೊಳಗಿನ ಗದ್ದಲ. ಸಿಗ್ನಲ್ಲು ಆ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂದು ತೋರಿಸುವ ಅಂಕಿ ಹತ್ತರ ಮೇಲಿದ್ದರೆ ಲೈನು ಗಟ್ಟಿ. ಆರಕ್ಕಿಳಿದರೆ ಮಾತು ತುಂಡಾಗುತ್ತದೆ. ಮೂರಕ್ಕಿಳಿದರೆ ಮೋಡೆಮ್ ಕೈಬಿಡುತ್ತದೆ.

ಐದನೇ ಡಬ್ಬಿಯ ಅಂಕಿ ಎಂಟಾಯಿತು. ನೋಡನೋಡುತ್ತಲೇ ಐದಾಯಿತು.

ನಾಲ್ಕನೆಯದು ಅವಳ ತಂಗಿ ರೇಷ್ಮಾಳ ಮನೆ.

"ಅಂದಾನೆಪ್ಪಣ್ಣಾ, ಇಲ್ಲೆ ನೋಡ್ರಿ. ಕಡೀ ಡಬ್ಬಿಯಿಂದ ಒಂದೊಂದ ಹೊಂಟಾವು. ಈ ಕಡೆನ ಬರಾಕತ್ತಾರ."

ಯಾರು ಎಂದು ಲೈನ್‌ಮನ್ ಅಂದಾನೆಪ್ಪ ಕೇಳಲಿಲ್ಲ. ಮೊನ್ನೆಯಷ್ಟೇ ಶಿರೋಳದ ಹತ್ತಿರ ತಾಮ್ರದ ಕಳ್ಳರು ಹಾಡಹಗಲೇ ರಿಪೇರಿಯವರೆಂದು ಬಾಗಿಲು ತೆಗೆಸಿ ಹೊಲದ ಮನೆಯೊಂದಕ್ಕೆ ನುಗ್ಗಿದ್ದರು. ಕೇಬಲ್ ಕೀಳುವುದನ್ನು ಕಂಡ ಹೆಂಗಸಿನ ಬಾಯಿಗೆ ಬಟ್ಟೆ ತುರುಕಿ ಕಂಬಕ್ಕೆ ಕಟ್ಟಿಹಾಕಿ ಹೋಗಿದ್ದರು.

ಅವನು ಬಗ್ಗಿ ಪರದೆ ನೋಡಿದ. "ಕಡದ ತಂತಿ ಒಮ್ಮಿಗೇ ಸಾಯ್ತೈತಲ್ಲವಾ. ಇವು ನರಳಿ ನರಳಿ ಸಾಯಾಕತ್ತಾವು."

"ನೆಲಾ ಅಗದು ಎಳೀತಿರಬೇಕ್ರಿ. ಪೊಲೀಸರಿಗೆ ಫೋನ್ ಹಚ್ಚ್ರಿ, ಲಗೂ!"

ಅಷ್ಟು ಹೇಳಿ ಅವಳು ತಂಗಿಗೆ ಕರೆ ಮಾಡಿದಳು. ಆ ಹೊಲಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮೋಡೆಮ್ ಇರುವ ತನಕವೇ ಮಾತು.

"ರೇಷ್ಮಾ, ಮನ್ಯಾಗ ಯಾರ ಅದಾರ?"

"ನಾನು, ಕೂಸು ಇಬ್ಬರ. ಇವರು ಗಜೇಂದ್ರಗಡಕ್ಕ ಹೋಗ್ಯಾರ. ಯಾಕಕ್ಕಾ?"

"ಹೊರಗ ಯಾರರ ಕಾಣ್ತಾರೇನು?"

"ಯಾರೂ ಇಲ್ಲ. ನಾಯಿ ಒಂದ ಸವನ ಬೊಗಳಾಕತ್ತೈತಿ. ಎಮ್ಮಿ ನೋಡು, ಈಗಷ್ಟ ಹಗ್ಗಾ ಹರಕೊಂಡ ಓಡಿಹೋತು."

"ಹೊರಗ ಹೋಗಬ್ಯಾಡ. ಬಾಗಿಲಾ ಹಾಕು, ಅಗಳಿ ಹಾಕು. ಕಿಡಕಿ ಎಲ್ಲಾ ಮುಚ್ಚಿ ಒಳಗಿನ ಖೋಲ್ಯಾಗ ಕುಂದ್ರು. ಯಾರ ಕರದ್ರೂ ತಗೀಬ್ಯಾಡ. ನನ್ನಾಣಿ ಐತಿ."

ಫೋನಿನಲ್ಲಿ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುವ ಸದ್ದು ಕೇಳಿತು. ಕೊನೆಗೆ ಅಗಳಿಯದು.

ಐದನೇ ಡಬ್ಬಿ ಸತ್ತಿತು.

"ಸ್ಟೇಷನ್ ಫೋನ್ ಸಿಗವಲ್ದು," ಅಂದಾನೆಪ್ಪ ಮತ್ತೆ ಮತ್ತೆ ನಂಬರು ಒತ್ತುತ್ತಿದ್ದ. "ಬರೇ ಎಂಗೇಜ್ ಬರ್ತೈತಿ."

ರೇಷ್ಮಾಳ ಲೈನಿನ ಅಂಕಿ ಹನ್ನೊಂದಿತ್ತು. ಒಂಬತ್ತಾಯಿತು. ಹಿಂದಿನ ವರ್ಷ ಡಬ್ಬಿಯಿಂದ ಆ ಮನೆಗೆ ತಂತಿ ಹಾಕಿಸಿಕೊಟ್ಟವಳೇ ದೇವಿಕಾ. ತಂಗಿಯ ದನಿ ದಿನಾ ಕೇಳಲಿ ಎಂಬ ಆಸೆಗೆ.

"ಅಕ್ಕಾ, ಏನೋ ಸಪ್ಪಳ. ಟ್ರ್ಯಾಕ್ಟರ್ ಬಂದಂಗ. ಭಾಳ ದೊಡ್ಡದು."

"ಕೇಬಲ್ ಹೇರಾಕ ತಂದಿರ್ತಾರ. ಸುಮ್ಮನಿರು. ಕೂಸು ಅಳದಂಗ ನೋಡ್ಕೋ."

ಏಳು. ವೇಗ ಅರ್ಧಕ್ಕಿಳಿಯಿತು. ರೇಷ್ಮಾಳ ಉಸಿರು ತುಂಡುತುಂಡಾಗಿ ಕೇಳಿಸತೊಡಗಿತು.

ಆಗ ಬಾಗಿಲ ಮೇಲೆ ಗುದ್ದು ಬಿತ್ತು. ಒಂದಲ್ಲ, ಎರಡು ಮೂರು ಜನರ ಕೈ. ಗಂಡಸರ ಕೂಗು. ಕೂಸು ಕಿಟಾರನೆ ಕಿರುಚಿತು.

"ಬಂದ್ರು ಅಕ್ಕಾ... ತಗೀರಿ ಅಂತಾರ... ಬಂತು, ಬಂತು ಅಂತ ಒದರ್ತಾರ... ಏನ ಬಂತೋ ತಿಳೀವಲ್ದು..."

"ರಿಪೇರಿ ಬಂತು, ಲೈನ್ ಬಂತು ಅಂತಾರ. ಮೋಸ ಅದು! ಶಿರೋಳದಾಗೂ ಹಂಗ ಹೇಳೇ ಬಾಗಿಲಾ ತಗಿಸ್ಯಾರ. ತಗೀಬ್ಯಾಡ ರೇಷ್ಮಾ!"

"ಬಾಗಿಲಾ ಒಡ್ಯಾಕ..."

ಐದು.

ಕಟ್ಟಿಗೆ ಸೀಳಿದ ಸದ್ದು. ರೇಷ್ಮಾಳ ಚೀರಾಟ. ಫೋನು ಎಲ್ಲೋ ಬಿದ್ದಂತಾಯಿತು. ಅದನ್ನು ಯಾರೋ ಎತ್ತಿಕೊಂಡರು. ತಂಗಿಯದಲ್ಲದ, ದಪ್ಪ ಉಸಿರು ಕಿವಿಗೆ ಹತ್ತಿತು.

"ಕೈ ಮುಗೀತೀನ್ರೀ," ದೇವಿಕಾ ಅಳುತ್ತಲೇ ಕೂಗಿದಳು. "ಏನ ಬೇಕಾದ್ದ ಒಯ್ರಿ. ಕೂಸಿಗೆ ಏನೂ ಮಾಡಬ್ಯಾಡ್ರಿ."

ನಾಲ್ಕು.

"ಬಾಗಿಲಾ ತಗೀಬ್ಯಾಡ ಅಂದಾಕಿ ನೀವೇನ್ರೀ?" ಆ ಗಂಡಸು ಏದುಸಿರಿನಲ್ಲಿ ಗದರಿದ. "ನಾನು ಬಾಜೂ ಹೊಲದ ರಮಜಾನಸಾಬ. ಕೂಸು ನನ್ನ ಹೆಗಲ ಮ್ಯಾಲೈತಿ, ನಿಮ್ಮ ತಂಗೀನ ಮಾಳಗಿ ಹತ್ತಿಸೀವಿ. ಆಗಿಂದ ಗಂಟಲಾ ಹರಕೊಂಡ ಒದರಾಕತ್ತೀವಲ್ರೀ, ಮ್ಯಾಲಿನ ಸೀಮ್ಯಾಗ ಮಳಿ ಹೊಡದೈತಿ, ಬೆಣ್ಣಿಹಳ್ಳ ತುಂಬಿ ಬಂತು, ಹೊರಗ ಬರ್ರಿ ಅಂತ!"